ಮನೆ ಬೆಚ್ಚಗಿಡುವ ಖರ್ಚು, ಅಮೆರಿಕದ ತೆರಿಗೆ ಕ್ರೆಡಿಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಬಂತೆಂದರೆ ನಮ್ಮ ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂಕ್ರಾಂತಿ ಫೋಟೊಗಳು ಮೇಲಕ್ಕೆ ಸರಿದು ಎರಡೇ ವಿಷಯ ಉಳಿಯುತ್ತವೆ: ಜನವರಿಯ ಗ್ಯಾಸ್ ಬಿಲ್ಲು, ಏಪ್ರಿಲ್‌ನ ಟ್ಯಾಕ್ಸು. ಈ ಎರಡೂ ಕೂಡುವ ಜಾಗವೇ ಮನೆಯ ಹೀಟಿಂಗ್ ಸುಧಾರಣೆಗೆ ಸಿಗುತ್ತಿದ್ದ ಫೆಡರಲ್ ತೆರಿಗೆ ಕ್ರೆಡಿಟ್. ಅದು 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಆದರೂ ಪ್ರಶ್ನೆಗಳು ನಿಂತಿಲ್ಲ, ನಿಲ್ಲಲೂಬಾರದು. ಗಡುವಿಗೆ ಮೊದಲು ಕೆಲಸ ಮುಗಿಸಿಯೂ ಕ್ರೆಡಿಟ್ ಕೇಳದೇ ಇರುವವರು ನನಗೆ ಗೊತ್ತಿರುವವರಲ್ಲೇ ಇದ್ದಾರೆ. ಗಡುವು ದಾಟಿದ ಮೇಲೆ ಕೆಲಸ ಮಾಡಿಸಿ ಕೇಳಲು ಹೊರಟವರೂ ಇದ್ದಾರೆ.

ನಾನು ಸಿಪಿಎ, ಅಂದರೆ ಅಮೆರಿಕದ ಲೆಕ್ಕಪರಿಶೋಧಕ, ಅಲ್ಲ. ಹಳೇ ಮನೆಯೊಂದನ್ನು ಕೊಂಡು, ಅದರ ಅಟ್ಟದಿಂದ ಬೇಸ್‌ಮೆಂಟಿನವರೆಗೆ ಚಳಿ ನುಗ್ಗುವ ಸಂದುಗಳನ್ನು ಹುಡುಕಿ, ಈ ಕ್ರೆಡಿಟ್ ಕೇಳುವ ಫಾರ್ಮ್ 5695 ಅನ್ನು ಕೈಯಾರೆ ತುಂಬಿ ಕಲಿತವನು. ನಿಮ್ಮ ಲೆಕ್ಕ ಸ್ವಲ್ಪ ಗೋಜಲಾಗಿದ್ದರೆ ತೆರಿಗೆ ಬಲ್ಲವರ ಹತ್ತಿರ ಒಮ್ಮೆ ತೋರಿಸಿಕೊಳ್ಳಿ.

ಈ ಕ್ರೆಡಿಟ್ 2032ರವರೆಗೆ ಇರುತ್ತದೆ ಎಂದಿದ್ದರಲ್ಲ? ಮುಗಿದೇ ಹೋಯಿತೇ?

ಹೌದು, ಮುಗಿಯಿತು. 2022ರ ಆಗಸ್ಟ್‌ನಲ್ಲಿ ಬೈಡನ್ ಸಹಿ ಹಾಕಿದ ಇನ್‌ಫ್ಲೇಷನ್ ರಿಡಕ್ಷನ್ ಆ್ಯಕ್ಟ್ ಇದನ್ನು 2032ರ ಕೊನೆಯವರೆಗೆ ವಿಸ್ತರಿಸಿತ್ತು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಒನ್ ಬಿಗ್ ಬ್ಯೂಟಿಫುಲ್ ಬಿಲ್ ಅದನ್ನು ಏಳು ವರ್ಷ ಮೊದಲೇ ಕತ್ತರಿಸಿತು. ತೆರಿಗೆ ಕಾನೂನಿನಲ್ಲಿ ಇದರ ಹೆಸರು ಸೆಕ್ಷನ್ 25ಸಿ. ಸೋಲಾರ್ ಮತ್ತು ನೆಲದ ಶಾಖ ಬಳಸುವ ಜಿಯೋಥರ್ಮಲ್‌ಗೆ ಇದ್ದ ಇನ್ನೊಂದು ಕ್ರೆಡಿಟ್, ಅಂದರೆ 25ಡಿ, ಕೂಡ ಅದೇ ದಿನಕ್ಕೆ ಮುಗಿಯಿತು.

ಇದು ಈ ಕ್ರೆಡಿಟ್ಟಿನ ಮೊದಲ ಸಾವಲ್ಲ. 2005ರ ಇಂಧನ ಕಾನೂನಿನಲ್ಲಿ ಹುಟ್ಟಿದ 25ಸಿ, ಅವಧಿ ಮುಗಿಯುವುದು, ಕಾಂಗ್ರೆಸ್ ಮತ್ತೆ ಎಬ್ಬಿಸುವುದು, ಹೀಗೇ ಬದುಕಿಕೊಂಡು ಬಂದಿದೆ. ಹಾಗೆಂದು ಮುಂದೆ ಮತ್ತೆ ಬರುತ್ತದೆ ಎಂದು ನಂಬಿ ಕೆಟ್ಟುಹೋದ ಫರ್ನೇಸನ್ನು (ಮನೆಗೆ ಬಿಸಿಗಾಳಿ ಕೊಡುವ ಯಂತ್ರ) ಹಾಗೇ ಇಟ್ಟುಕೊಂಡು ಕೂರಬೇಡಿ.

ಡಿಸೆಂಬರ್‌ನಲ್ಲೇ ಪೂರ್ತಿ ದುಡ್ಡು ಕಟ್ಟಿದ್ದೆ, ಕಂಟ್ರಾಕ್ಟರ್ ಬಂದು ಹಾಕಿದ್ದು ಜನವರಿ 2026ರಲ್ಲಿ. ಸಿಗುತ್ತದೆಯೇ?

ಇಲ್ಲ. ದುಡ್ಡು ಕೊಟ್ಟ ದಿನಕ್ಕೆ ಇಲ್ಲಿ ಬೆಲೆಯಿಲ್ಲ, ಯಂತ್ರ ಮನೆಯಲ್ಲಿ ಕೂತು ಬಳಕೆಗೆ ಸಿದ್ಧವಾದ ದಿನವೇ ಲೆಕ್ಕ. 25ಡಿ ಬಗ್ಗೆ ಜನಕ್ಕೆ ಗೊಂದಲವಿತ್ತು, ಏಕೆಂದರೆ ಅಲ್ಲಿ ಕಾನೂನಿನ ಮಾತು "ಖರ್ಚು ಮಾಡಿದ" ದಿನ ಎಂದಿದೆ. ಆದರೆ ಅಳವಡಿಕೆ ಪೂರ್ತಿಯಾದಾಗಲೇ ಖರ್ಚು ಆದಂತೆ ಎಂದು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ 2025ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಮುಂಗಡ ಕೊಟ್ಟ ರಸೀದಿ, ಒಪ್ಪಂದದ ಪತ್ರ, ಸಾಲ ಮಂಜೂರಾದ ಪತ್ರ ಯಾವುದೂ ಜನವರಿಯ ಕೆಲಸವನ್ನು ಡಿಸೆಂಬರ್‌ಗೆ ಎಳೆದು ತರುವುದಿಲ್ಲ.

2025ರ ಕೊನೆಯ ವಾರಗಳಲ್ಲಿ ಕಂಟ್ರಾಕ್ಟರುಗಳಿಗೆ ಕೈತುಂಬ ಕೆಲಸವಿತ್ತು. ಕ್ರಿಸ್‌ಮಸ್ ರಜೆಯಲ್ಲಿ ಊರಿಗೆ ಹೋಗಿದ್ದ ನಮ್ಮವರು ಕೆಲವರು ಇದರಿಂದಲೇ ಕ್ರೆಡಿಟ್ ಕಳೆದುಕೊಂಡರು. ಬೇಸರದ ಸಂಗತಿ, ಆದರೆ ಉತ್ತರ ಬದಲಾಗುವುದಿಲ್ಲ.

ಕ್ರೆಡಿಟ್ ಅಂದರೆ ನಮ್ಮ 80ಸಿ ಥರವೇ?

ಅಲ್ಲ, ಹೆಸರು ಮಾತ್ರ ಹತ್ತಿರ. ಭಾರತದ 80ಸಿ ನಿಮ್ಮ ಆದಾಯದಿಂದ ಕಳೆಯುವಂಥದ್ದು. ಅಮೆರಿಕದಲ್ಲಿ ಅದಕ್ಕೆ ಡಿಡಕ್ಷನ್ ಎನ್ನುತ್ತಾರೆ. 22 ಶೇಕಡಾ ದರದಲ್ಲಿರುವವರಿಗೆ 1,000 ಡಾಲರ್ ಡಿಡಕ್ಷನ್‌ನಿಂದ ಉಳಿಯುವುದು 220 ಡಾಲರ್. ಕ್ರೆಡಿಟ್ ಹಾಗಲ್ಲ, ಲೆಕ್ಕ ಹಾಕಿ ಬಂದ ತೆರಿಗೆಯಿಂದಲೇ ನೇರವಾಗಿ ಕಳೆಯುತ್ತಾರೆ. 1,000 ಡಾಲರ್ ಕ್ರೆಡಿಟ್ ಅಂದರೆ 1,000 ಡಾಲರ್ ತೆರಿಗೆ ಕಡಿಮೆ. ಊರಿನ ಹೋಲಿಕೆ ಬೇಕೇ ಬೇಕೆಂದರೆ 87ಎ ರಿಬೇಟ್ ಹೆಚ್ಚು ಹತ್ತಿರ.

ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಂಡವರಿಗೂ ಇದು ಸಿಗುತ್ತದೆ. 25ಸಿಗೆ ಆದಾಯದ ಮಿತಿಯೂ ಇರಲಿಲ್ಲ.

ಹಾಗಾದರೆ ಐಆರ್‌ಎಸ್‌ನಿಂದ 2,000 ಡಾಲರ್ ಚೆಕ್ ಬರುತ್ತದೆ ಅನ್ನಿ.

ಬರಬಹುದು, ಬರದೆಯೂ ಇರಬಹುದು. ಮಾರಾಟಕ್ಕೆ ಬಂದವರು ಹೆಚ್ಚು ದಾರಿ ತಪ್ಪಿಸಿದ್ದು ಇಲ್ಲೇ. ನಮ್ಮ ಮನೆಗೆ ಕೊಟೇಶನ್ ಕೊಡಲು ಬಂದ ಒಬ್ಬ, "ಸರ್ಕಾರ ನಿಮಗೆ 3,200 ಡಾಲರ್ ಕೊಡುತ್ತದೆ, ಅದನ್ನು ಕಳೆದು ನೋಡಿ" ಎಂದು ಕಾಗದದ ಕೆಳಗೆ ತಾನೇ ಕಳೆದು ತೋರಿಸಿದ. ಅವನು ಹಾಕಲು ಹೊರಟಿದ್ದ ಫರ್ನೇಸ್‌ಗೆ ಅದರ ಕಾಲು ಭಾಗವೂ ಸಿಗುತ್ತಿರಲಿಲ್ಲ.

ಲೆಕ್ಕ ಹೀಗೆ. ವರ್ಷಕ್ಕೆ ನೀವು ಕಟ್ಟಬೇಕಾದ ಒಟ್ಟು ತೆರಿಗೆ 9,000 ಡಾಲರ್, ಸಂಬಳದಿಂದ ಕಂಪನಿ ಹಿಡಿದದ್ದು 10,000 ಎಂದಿಟ್ಟುಕೊಳ್ಳಿ. ಕ್ರೆಡಿಟ್ ಇಲ್ಲದಿದ್ದರೆ 1,000 ವಾಪಸ್. 2,000 ಕ್ರೆಡಿಟ್ ಇದ್ದರೆ ತೆರಿಗೆ 7,000ಕ್ಕೆ ಇಳಿದು 3,000 ವಾಪಸ್. ಇವರಿಗೆ ಅದು ಕೈಗೆ ಬಂದ ದುಡ್ಡೇ.

ಈಗ ನಿವೃತ್ತರಾದ ದಂಪತಿಯನ್ನು ತೆಗೆದುಕೊಳ್ಳಿ. ಅವರ ಒಟ್ಟು ತೆರಿಗೆಯೇ 1,400 ಡಾಲರ್. 2,000 ಕ್ರೆಡಿಟ್ ಇದ್ದರೂ ತೆರಿಗೆ ಸೊನ್ನೆಗೆ ಇಳಿಯುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಉಳಿದ 600 ಹೋಯಿತು. ಚೆಕ್ಕಿನಲ್ಲೂ ಬರುವುದಿಲ್ಲ, ಮುಂದಿನ ವರ್ಷಕ್ಕೂ ಹೋಗುವುದಿಲ್ಲ. ತೆರಿಗೆಯೇ ಇಲ್ಲದ ಬಡ ಕುಟುಂಬಕ್ಕೆ ಒಂದು ಡಾಲರೂ ಇಲ್ಲ. ಗ್ಯಾಸ್ ಬಿಲ್ಲಿಗೆ ಹೆಚ್ಚು ಬೆದರುವವರಿಗೇ ಕಡಿಮೆ ಸಿಗುವ ಈ ವ್ಯವಸ್ಥೆ ನನಗೆ ಎಂದೂ ಸರಿ ಕಂಡಿಲ್ಲ.

ಯಾವುದಕ್ಕೆ ಎಷ್ಟು ಸಿಗುತ್ತದೆ?

2023ರಿಂದ 2025ರವರೆಗಿನ ನಿಯಮ ಒಂದೇ: ಅರ್ಹ ಖರ್ಚಿನ 30 ಶೇಕಡಾ, ಆದರೆ ಪ್ರತಿಯೊಂದಕ್ಕೂ ಮಿತಿ. ಎರಡು ಡಬ್ಬಿಗಳಿವೆ ಎಂದು ಊಹಿಸಿಕೊಳ್ಳಿ.

ದೊಡ್ಡ ಡಬ್ಬಿ ವರ್ಷಕ್ಕೆ 2,000 ಡಾಲರ್. ಅದರಲ್ಲಿ ಹೀಟ್ ಪಂಪ್ (ಹೊರಗಿನ ಶಾಖವನ್ನು ಕರೆಂಟಿನಿಂದ ಒಳಗೆ ಸಾಗಿಸುವ ಯಂತ್ರ), ಹೀಟ್ ಪಂಪ್ ವಾಟರ್ ಹೀಟರ್, ಮತ್ತು 75 ಶೇಕಡಾ ದಕ್ಷತೆಯ ಕಟ್ಟಿಗೆ ಒಲೆ ಅಥವಾ ಬಾಯ್ಲರ್. ಗೋಡೆಗೆ ಹಾಕುವ ಮಿನಿ ಸ್ಪ್ಲಿಟ್ ಕೂಡ ಹೀಟ್ ಪಂಪೇ.

ಸಣ್ಣ ಡಬ್ಬಿ ವರ್ಷಕ್ಕೆ 1,200 ಡಾಲರ್, ಉಳಿದದ್ದೆಲ್ಲ ಅದರೊಳಗೆ. ಗ್ಯಾಸ್, ಪ್ರೊಪೇನ್ ಅಥವಾ ಎಣ್ಣೆಯ ಫರ್ನೇಸ್, ಬಿಸಿನೀರಿನ ಬಾಯ್ಲರ್, ಸೆಂಟ್ರಲ್ ಎಸಿ, ಗ್ಯಾಸ್ ವಾಟರ್ ಹೀಟರ್ ತಲಾ 600. ಇವುಗಳ ಜೊತೆಗೆ ಹಾಕಿಸಿದ 200 ಆಂಪ್‌ನ ಎಲೆಕ್ಟ್ರಿಕ್ ಪ್ಯಾನೆಲ್‌ಗೆ 600. ಕಿಟಕಿಗಳೆಲ್ಲ ಸೇರಿ 600. ಹೊರ ಬಾಗಿಲು ಒಂದಕ್ಕೆ 250, ಎಲ್ಲ ಸೇರಿ 500. ಶಾಖ ಎಲ್ಲಿ ಸೋರುತ್ತದೆಂದು ಪರೀಕ್ಷಿಸುವ ಮನೆಯ ಎನರ್ಜಿ ಆಡಿಟ್‌ಗೆ 150. ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ) ಮತ್ತು ಗಾಳಿ ನುಗ್ಗುವ ಸಂದು ಮುಚ್ಚುವ ಸಾಮಗ್ರಿಗೆ ಪ್ರತ್ಯೇಕ ಮಿತಿಯಿಲ್ಲ, 1,200ರ ಒಳಗಿದ್ದರಾಯಿತು.

ಒಂದು ಮನೆಯ ಲೆಕ್ಕ ನೋಡಿ. ಹೀಟ್ ಪಂಪ್ 14,000 ಡಾಲರ್. 30 ಶೇಕಡಾ ಅಂದರೆ 4,200, ಆದರೆ ಸಿಗುವುದು 2,000. ಅಟ್ಟದ ಇನ್ಸುಲೇಷನ್ ಸಾಮಗ್ರಿ 3,000, ಅದರ 900. ಆಡಿಟ್ 400, ಅದರ 120. ಒಟ್ಟು 3,020. ಪಕ್ಕದ ಮನೆಯವರು 7,000ಕ್ಕೆ ಫರ್ನೇಸ್, 6,000ಕ್ಕೆ ಎಸಿ ಹಾಕಿಸಿದರು. ಎರಡಕ್ಕೂ 600ರಂತೆ 1,200 ಆಯಿತು, ಸಣ್ಣ ಡಬ್ಬಿ ತುಂಬಿತು. ಅದೇ ವರ್ಷ ಹಾಕಿಸಿದ ಕಿಟಕಿಗೆ ಏನೂ ಇಲ್ಲ. ತಿಳಿದವರು ಕಿಟಕಿಯನ್ನು ಮರು ವರ್ಷಕ್ಕೆ ಮುಂದೂಡುತ್ತಿದ್ದರು, ಏಕೆಂದರೆ ಪ್ರತಿ ಜನವರಿಗೆ ಡಬ್ಬಿ ಖಾಲಿಯಾಗಿ ಹೊಸದಾಗಿ ಸಿಗುತ್ತಿತ್ತು. 2022ರವರೆಗಿನ ಹಳೇ ನಿಯಮದಲ್ಲಿ ಜೀವಮಾನಕ್ಕೆಲ್ಲ ಸೇರಿ 500 ಡಾಲರ್ ಅಷ್ಟೇ.

ನಮ್ಮದು ಹೊಸ ಫರ್ನೇಸ್, 96 ಶೇಕಡಾ ದಕ್ಷತೆ. ಸಾಲದೇ?

ಸಾಲದು. ಗ್ಯಾಸ್ ಫರ್ನೇಸ್‌ಗೆ ಎಎಫ್‌ಯುಇ 97 ಇರಬೇಕಿತ್ತು. ಎಎಫ್‌ಯುಇ ಎಂದರೆ ನೂರು ಡಾಲರಿನ ಗ್ಯಾಸ್ ಉರಿಸಿದರೆ ಎಷ್ಟು ಡಾಲರಿನ ಶಾಖ ಮನೆಯೊಳಗೆ ಬರುತ್ತದೆ, ಎಷ್ಟು ಹೊಗೆಯ ಜೊತೆ ಹೊರಗೆ ಹೋಗುತ್ತದೆ ಎಂಬ ಅಳತೆ. 80 ಇದ್ದರೆ ಇಪ್ಪತ್ತು ಡಾಲರ್ ಆಕಾಶಕ್ಕೆ. 96 ಚೆನ್ನಾದ ಯಂತ್ರವೇ, ಮನೆಯ ಬಿಲ್ಲಿಗೆ 97ಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯುವುದೂ ಇಲ್ಲ. ಆದರೆ ಕಾನೂನಿನ ಗೆರೆ ಗೆರೆಯೇ.

ಯಂತ್ರಗಳ ದಕ್ಷತೆಗೆ ದರ್ಜೆ ಗೊತ್ತುಮಾಡುವ ಸಿಇಇ ಎಂಬ ಒಕ್ಕೂಟ ವರ್ಷದ ಆರಂಭದಲ್ಲಿ ನಿಗದಿ ಮಾಡಿದ್ದ ಮೇಲಿನ ದರ್ಜೆಯನ್ನು ಯಂತ್ರ ಮುಟ್ಟಿರಬೇಕು, "ಅಡ್ವಾನ್ಸ್ಡ್" ದರ್ಜೆಯೊಂದನ್ನು ಬಿಟ್ಟು. ಡಬ್ಬದ ಮೇಲೆ ಇಂಧನ ಉಳಿಸುವ ಯಂತ್ರಗಳಿಗೆ ಸರ್ಕಾರ ಕೊಡುವ ಎನರ್ಜಿ ಸ್ಟಾರ್‌ನ ನೀಲಿ ಚೀಟಿ ಇದ್ದ ಮಾತ್ರಕ್ಕೆ ಎಲ್ಲವೂ ಅರ್ಹವಲ್ಲ. ಹೀಟ್ ಪಂಪಿನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಹೊರಗಿನ ಘಟಕ ಮತ್ತು ಒಳಗಿನ ಘಟಕ ಜೋಡಿಯಾಗಿ ದರ್ಜೆ ಪಡೆಯುತ್ತವೆ. ಹೊರಗಿನದು ಒಳ್ಳೆಯದು, ಒಳಗಿನದು ಹಳೆಯದು ಎಂದಾದರೆ ಜೋಡಿ ಬಿದ್ದುಹೋಗಬಹುದು. ಎಎಚ್‌ಆರ್‌ಐ ಸರ್ಟಿಫಿಕೇಟ್ (ಯಂತ್ರ ತಯಾರಕರ ಸಂಘದ ದರ್ಜೆಯ ಪತ್ರ) ಕೊಡಿ ಎಂದು ಕಂಟ್ರಾಕ್ಟರನ್ನು ಕೇಳಿ, ಅದರಲ್ಲಿ ಜೋಡಿಯ ನಂಬರ್ ಇರುತ್ತದೆ.

ಕೂಲಿಯೂ ಲೆಕ್ಕಕ್ಕೆ ಬರುತ್ತದೆಯೇ?

ಫರ್ನೇಸ್, ಹೀಟ್ ಪಂಪ್, ವಾಟರ್ ಹೀಟರ್, ಪ್ಯಾನೆಲ್‌ನಂಥ ಯಂತ್ರಗಳಿಗೆ ಬರುತ್ತದೆ. ಇನ್ಸುಲೇಷನ್, ಕಿಟಕಿ, ಬಾಗಿಲಿಗೆ ಬರುವುದಿಲ್ಲ, ಅಲ್ಲಿ ಸಾಮಗ್ರಿಯ ಬೆಲೆ ಮಾತ್ರ. ಹಾಗಾಗಿ ಅಟ್ಟದ ಕೆಲಸದ ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಂಡಿಲ್ಲದಿದ್ದರೆ ಈಗಲೇ ಫೋನ್ ಮಾಡಿ ಕೇಳಿ. ಒಂದೇ ಮೊತ್ತದ ಬಿಲ್ಲು ಮುಂದೆ ತಲೆನೋವು.

ನಾವು ಎಚ್-1ಬಿಯಲ್ಲಿ ಇದ್ದೇವೆ. ಗ್ರೀನ್ ಕಾರ್ಡ್ ಬೇಕೇ?

ಬೇಡ. ತೆರಿಗೆ ಕಟ್ಟುವವರಾಗಿರಬೇಕು, ಅಮೆರಿಕದಲ್ಲಿರುವ ಆ ಮನೆಯಲ್ಲಿ ವಾಸವಿರಬೇಕು. ವೀಸಾ ಯಾವುದೆಂದು ಫಾರ್ಮ್ 5695 ಕೇಳುವುದೇ ಇಲ್ಲ.

ಬಾಡಿಗೆಗೆ ಕೊಟ್ಟ ಮನೆ, ಬಾಡಿಗೆಗೆ ಇರುವ ಮನೆ, ಹೊಸ ಮನೆ, ಕಾಂಡೊ (ಫ್ಲ್ಯಾಟ್)?

ನೀವು ವಾಸವಿಲ್ಲದೆ ಪೂರ್ತಿ ಬಾಡಿಗೆಗೆ ಕೊಟ್ಟ ಮನೆಗೆ ಇಲ್ಲ. ಬಾಡಿಗೆದಾರರೇ ಸ್ವಂತ ದುಡ್ಡಿನಲ್ಲಿ ಅರ್ಹ ಕೆಲಸ ಮಾಡಿಸಿದ್ದರೆ ಅವರು ಕೇಳಬಹುದು. ನೀವೇ ಬಳಸುವ ಎರಡನೇ ಮನೆಗೆ ಹೀಟ್ ಪಂಪ್, ಫರ್ನೇಸ್‌ನಂಥ ಯಂತ್ರ ಲೆಕ್ಕಕ್ಕೆ ಬರುತ್ತದೆ, ಕಿಟಕಿ ಮತ್ತು ಇನ್ಸುಲೇಷನ್ ಬರುವುದಿಲ್ಲ. ಬಿಲ್ಡರ್ ಕಟ್ಟಿಕೊಟ್ಟ ಹೊಚ್ಚಹೊಸ ಮನೆಯಲ್ಲಿ ಮೊದಲೇ ಇದ್ದ ಹೀಟ್ ಪಂಪ್‌ಗೆ 25ಸಿ ಇಲ್ಲ, ಇದು ಇರುವ ಮನೆಯ ಸುಧಾರಣೆಗೆ ಮಾತ್ರ. ಕಾಂಡೊ ಸಂಘ ಮಾಡಿಸಿದ ಕೆಲಸದಲ್ಲಿ ನಿಮ್ಮ ಪಾಲಿನ ಖರ್ಚಿಗೆ ನೀವು ಕೇಳಬಹುದು.

ಮನೆಯಿಂದಲೇ ಕೆಲಸ ಮಾಡುತ್ತೇನೆ. ಕ್ರೆಡಿಟ್ ಕಡಿಮೆಯಾಗುತ್ತದೆಯೇ?

ಕಂಪನಿ ಸಂಬಳದ ಮೇಲೆ ಮನೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತವರು ಚಿಂತಿಸಬೇಕಿಲ್ಲ. ಸ್ವಂತ ವ್ಯವಹಾರಕ್ಕೆ, ಉದಾಹರಣೆಗೆ ಡೇಕೇರ್ ಅಥವಾ ಸಂಗೀತ ಪಾಠಕ್ಕೆ, ಮನೆ ಬಳಸುವವರಿಗೆ ಗೆರೆ 20 ಶೇಕಡಾ. ಅಷ್ಟರವರೆಗೆ ಪೂರ್ತಿ ಕ್ರೆಡಿಟ್. ಅದನ್ನು ಮೀರಿದರೆ ವಾಸದ ಪಾಲಿಗೆ ತಕ್ಕಷ್ಟು.

ಜಿಯೋಥರ್ಮಲ್ ಹಾಕಿಸಿದ್ದೇವೆ. ಅದಕ್ಕೂ 2,000 ಮಿತಿಯೇ?

ಇಲ್ಲ, ಅದರ ದಾರಿ ಬೇರೆ. ನೆಲದೊಳಗೆ ಕೊಳವೆ ಇಳಿಸಿ ಶಾಖ ತೆಗೆಯುವ ಜಿಯೋಥರ್ಮಲ್ ಹೀಟ್ ಪಂಪ್, ಸೋಲಾರ್ ವಿದ್ಯುತ್, ಸೋಲಾರ್ ವಾಟರ್ ಹೀಟರ್ ಇವು 25ಡಿಗೆ ಸೇರುತ್ತವೆ. ಇವಕ್ಕೆಲ್ಲ ಮೇಲ್ಮಿತಿ ಇಲ್ಲದೆ ಖರ್ಚಿನ 30 ಶೇಕಡಾ, ಕೂಲಿ ಸೇರಿ. 24,000 ಖರ್ಚಾಗಿದ್ದರೆ 7,200. ಆ ವರ್ಷದ ತೆರಿಗೆ ಅಷ್ಟಿಲ್ಲದಿದ್ದರೆ ಉಳಿದದ್ದು ಮುಂದಿನ ವರ್ಷಕ್ಕೆ ಹೋಗುತ್ತದೆ, 25ಸಿ ಥರ ಸಾಯುವುದಿಲ್ಲ. ಹೊಸ ಮನೆಗೂ ಇದು ಸಿಗುತ್ತಿತ್ತು. ಕಂಪನಿ ಲೀಸ್‌ಗೆ ಕೊಟ್ಟ ಸೋಲಾರ್‌ಗೆ ಮಾತ್ರ ಇಲ್ಲ, ಯಂತ್ರ ನಿಮ್ಮದಾಗಿರಬೇಕು.

ಕರೆಂಟ್ ಕಂಪನಿಯಿಂದ ರಿಬೇಟ್ ಬಂದಿದೆ. ಅದನ್ನು ಕಳೆಯಬೇಕೇ?

ಕಳೆಯಬೇಕು. 14,000ದ ಹೀಟ್ ಪಂಪಿಗೆ ಯುಟಿಲಿಟಿ 3,000 ಕೊಟ್ಟಿದ್ದರೆ 30 ಶೇಕಡಾ ಹಾಕುವುದು 11,000ಕ್ಕೆ. ಈ ಉದಾಹರಣೆಯಲ್ಲಿ ಹೇಗಿದ್ದರೂ 2,000 ಮಿತಿಗೆ ಬಂದು ನಿಲ್ಲುವುದರಿಂದ ನಷ್ಟವಿಲ್ಲ. ಸಾಲ ಮಾಡಿ ಹಾಕಿಸಿದ್ದರೆ ಪೂರ್ತಿ ಬೆಲೆ ಲೆಕ್ಕಕ್ಕೆ, ಬಡ್ಡಿ ಇಲ್ಲ.

ಏನೇನು ಕಾಗದ ಬೇಕು?

ಫಾರ್ಮ್ 5695. ಮೊದಲ ಭಾಗ 25ಡಿ, ಎರಡನೇ ಭಾಗ 25ಸಿ. ಟ್ಯಾಕ್ಸ್ ಸಾಫ್ಟ್‌ವೇರ್‌ಗಳಲ್ಲಿ "ಹೋಮ್ ಎನರ್ಜಿ" ಎಂದು ಹುಡುಕಿದರೆ ಸಿಗುತ್ತದೆ. ರಸೀದಿಗಳನ್ನು ಕಳಿಸಬೇಕಿಲ್ಲ, ಇಟ್ಟುಕೊಳ್ಳಬೇಕು: ಕಂಟ್ರಾಕ್ಟರನ ಬಿಲ್ಲು, ಮಾಡೆಲ್ ನಂಬರ್, ಅಳವಡಿಸಿದ ದಿನಾಂಕ, ಎಎಚ್‌ಆರ್‌ಐ ಸರ್ಟಿಫಿಕೇಟ್. ಆಡಿಟ್ ಮಾಡಿಸಿದ್ದರೆ ಆಡಿಟರ್ ಬರೆದುಕೊಟ್ಟ ವರದಿ.

2025ರಲ್ಲಿ ಹಾಕಿಸಿದ ಯಂತ್ರ, ಕಿಟಕಿ, ಬಾಗಿಲಿಗೆ ಹೊಸದೊಂದು ಸೇರಿಕೊಂಡಿದೆ. ತಯಾರಕ ಕಂಪನಿ ಐಆರ್‌ಎಸ್‌ನಲ್ಲಿ ನೋಂದಾಯಿಸಿಕೊಂಡು ಪಡೆದ ನಾಲ್ಕು ಅಕ್ಷರದ ಕೋಡನ್ನು ಫಾರ್ಮ್‌ನಲ್ಲಿ ಬರೆಯಬೇಕು. ಕ್ಯೂಎಂಐಡಿ ಎಂದು ಅದರ ಹೆಸರು. ಇನ್ಸುಲೇಷನ್‌ಗೂ ಆಡಿಟ್‌ಗೂ ಇದು ಬೇಡ. ಕೋಡ್ ಇರುವುದು ತಯಾರಕರ ಬಳಿ, ಕಂಟ್ರಾಕ್ಟರನಿಗೆ ಎಷ್ಟೋ ಸಲ ಅದರ ಹೆಸರೇ ಗೊತ್ತಿರುವುದಿಲ್ಲ. ಬ್ರ್ಯಾಂಡಿನ ವೆಬ್‌ಸೈಟಿನಲ್ಲಿ ಟ್ಯಾಕ್ಸ್ ಕ್ರೆಡಿಟ್ ಪುಟ ನೋಡಿ.

2023ರಲ್ಲಿ ಹೀಟ್ ಪಂಪ್ ಹಾಕಿಸಿದ್ದೆ, ಕೇಳಲು ಮರೆತೆ. ಹೋಯಿತೇ?

ಹೋಗಿಲ್ಲ, ಸಮಯವಿದ್ದರೆ. ಫಾರ್ಮ್ 1040-ಎಕ್ಸ್ ಮೂಲಕ ಹಳೇ ರಿಟರ್ನ್ ತಿದ್ದಬಹುದು. ಸಾಮಾನ್ಯವಾಗಿ ರಿಟರ್ನ್ ಸಲ್ಲಿಸಿದ ದಿನದಿಂದ ಮೂರು ವರ್ಷ. 2023ರ ರಿಟರ್ನನ್ನು 2024ರ ಏಪ್ರಿಲ್ 15ಕ್ಕೋ ಅದಕ್ಕೆ ಮೊದಲೋ ಕಳಿಸಿದವರಿಗೆ 2027ರ ಏಪ್ರಿಲ್ 15ರವರೆಗೆ ಅವಕಾಶ. ಕ್ರೆಡಿಟ್ ಮುಂದಕ್ಕೆ ರದ್ದಾದದ್ದು ಹಿಂದಿನ ವರ್ಷದ ಹಕ್ಕನ್ನು ಮುಟ್ಟುವುದಿಲ್ಲ. ಆದರೆ 2023ರ ಕ್ರೆಡಿಟ್ಟನ್ನು 2025ರ ರಿಟರ್ನಿನಲ್ಲಿ ತೂರಿಸಲು ಹೋಗಬೇಡಿ, ಆಯಾ ವರ್ಷದ ಕೆಲಸ ಆಯಾ ವರ್ಷದ ರಿಟರ್ನಿಗೆ.

2026ರಿಂದ ಏನೂ ಉಳಿದಿಲ್ಲವೇ?

ತೆರಿಗೆ ಕ್ರೆಡಿಟ್ ಇಲ್ಲ, ರಿಬೇಟ್ ಇವೆ. 2022ರ ಅದೇ ಕಾನೂನು ರಾಜ್ಯಗಳ ಕೈಗೆ ಎರಡು ರಿಬೇಟ್ ಯೋಜನೆಗಳನ್ನು ಕೊಟ್ಟಿತ್ತು, ಸುಮಾರು 880 ಕೋಟಿ ಡಾಲರ್. ಅದರಲ್ಲಿ ಹಿಯರ್ ಎಂದು ಕರೆಯುವ ಯೋಜನೆಯಲ್ಲಿ ಹೀಟ್ ಪಂಪ್‌ಗೆ 8,000ದವರೆಗೆ, ಹೀಟ್ ಪಂಪ್ ವಾಟರ್ ಹೀಟರ್‌ಗೆ 1,750, ಪ್ಯಾನೆಲ್‌ಗೆ 4,000, ಇನ್ಸುಲೇಷನ್ ಮತ್ತು ಸಂದು ಮುಚ್ಚುವುದಕ್ಕೆ 1,600. ಒಂದು ಮನೆಗೆ ಒಟ್ಟು 14,000 ಮಿತಿ. ಕುಟುಂಬದ ಆದಾಯ ನಿಮ್ಮ ಪ್ರದೇಶದ ಮಧ್ಯಮ ಆದಾಯದ 80 ಶೇಕಡಾಕ್ಕಿಂತ ಕಡಿಮೆಯಿದ್ದರೆ ಈ ಮಿತಿಗಳೊಳಗೆ ಪೂರ್ತಿ ಖರ್ಚು, 80ರಿಂದ 150ರ ನಡುವೆ ಇದ್ದರೆ ಅರ್ಧ. ಅದಕ್ಕೂ ಮೇಲಿದ್ದರೆ ಇಲ್ಲ. ಇಬ್ಬರೂ ಸಾಫ್ಟ್‌ವೇರ್‌ನಲ್ಲಿರುವ ಮನೆಗಳು ಬಹುಪಾಲು ಇಲ್ಲೇ ಹೊರಗುಳಿಯುತ್ತವೆ. ಮೊದಲು ಒಪ್ಪಿಗೆ, ಆಮೇಲೆ ಕೆಲಸ ಎಂಬ ಕ್ರಮ ಮರೆಯಬೇಡಿ. ಎಲ್ಲ ರಾಜ್ಯಗಳೂ ಇದನ್ನು ಒಂದೇ ಸಮಯಕ್ಕೆ ತೆರೆಯಲಿಲ್ಲ, ನಿಮ್ಮ ರಾಜ್ಯದ ಎನರ್ಜಿ ಕಚೇರಿಯ ಪುಟವೇ ಖಚಿತ ಉತ್ತರ.

ಇದಲ್ಲದೆ ಯುಟಿಲಿಟಿಗಳ ಸ್ವಂತ ರಿಬೇಟ್‌ಗಳಿವೆ. ಮ್ಯಾಸಚೂಸೆಟ್ಸ್‌ನವರಿಗೆ ಮಾಸ್ ಸೇವ್ ಹೆಸರು ಬಾಯಿಪಾಠ. ನಾರ್ತ್ ಕ್ಯಾರೊಲೈನಾ ಸ್ಟೇಟ್ ಯೂನಿವರ್ಸಿಟಿ ನಡೆಸುವ ಡಿಸೈರ್ ಎಂಬ ಪಟ್ಟಿಯಲ್ಲಿ ಜಿಪ್ ಕೋಡ್ ಹಾಕಿದರೆ ನಿಮ್ಮ ಊರಿಗೆ ಇರುವುದೆಲ್ಲ ಕಾಣುತ್ತದೆ.

ಕ್ರೆಡಿಟ್ ಇಲ್ಲದ ಮೇಲೂ ಹೀಟ್ ಪಂಪ್ ಲಾಭವೇ?

ನಿಮ್ಮ ಬಿಲ್ಲು ಹೇಳುತ್ತದೆ. ಹೀಟ್ ಪಂಪ್ ಶಾಖ ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಫ್ರಿಜ್ಜಿನ ಹಿಂದೆ ಕೈಯಿಟ್ಟರೆ ಬೆಚ್ಚಗಿರುತ್ತದಲ್ಲ, ಒಳಗಿನ ಶಾಖವನ್ನು ಹೊರಗೆ ಹಾಕುತ್ತಿದೆ. ಹೀಟ್ ಪಂಪ್ ಹೊರಗಿನ ಚಳಿಗಾಳಿಯಿಂದ ಇರುವಷ್ಟು ಶಾಖ ಹೀರಿ ಮನೆಯೊಳಗೆ ತರುತ್ತದೆ. ಹದವಾದ ಚಳಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಬರುವುದು ಅಪರೂಪವಲ್ಲ. ಚಳಿಪ್ರದೇಶಕ್ಕೆಂದು ಎನರ್ಜಿ ಸ್ಟಾರ್ ಒಪ್ಪಿದ ಮಾದರಿಗಳು ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕನಿಷ್ಠ 1.75 ಯೂನಿಟ್ ಕೊಡಬೇಕು.

ಈಗ ಸಣ್ಣ ಗಣಿತ. ಒಂದು ಥರ್ಮ್ (ಬಿಲ್ಲಿನಲ್ಲಿ ಗ್ಯಾಸಿನ ಅಳತೆ) ಗ್ಯಾಸ್ ಅಂದರೆ 29.3 ಯೂನಿಟ್ (ಕಿಲೋವಾಟ್ ಅವರ್) ಶಾಖ. 95 ಶೇಕಡಾ ಫರ್ನೇಸಿನಲ್ಲಿ ಸುಮಾರು 27.8 ಯೂನಿಟ್ ಮನೆಗೆ ಬರುತ್ತದೆ. ಅಷ್ಟೇ ಶಾಖಕ್ಕೆ, ಒಂದಕ್ಕೆ ಮೂರು ಕೊಡುವ ಹೀಟ್ ಪಂಪ್ ತಿನ್ನುವುದು 9.3 ಯೂನಿಟ್ ಕರೆಂಟು. ಹಾಗಾಗಿ ನಿಮ್ಮ ಬಿಲ್ಲಿನ ಯೂನಿಟ್ ದರವನ್ನು 9.3ರಿಂದ ಗುಣಿಸಿ, ಒಂದು ಥರ್ಮಿನ ದರದ ಜೊತೆ ಹೋಲಿಸಿ. ಕರೆಂಟು 12 ಸೆಂಟ್ ಆದರೆ 1.12 ಡಾಲರ್, 18 ಸೆಂಟ್ ಆದರೆ 1.67. ಗ್ಯಾಸ್ ಥರ್ಮಿಗೆ 1.20 ಇರುವ ಊರಿನಲ್ಲಿ ಮೊದಲನೆಯವರಿಗೆ ಉಳಿತಾಯ, ಎರಡನೆಯವರಿಗೆ ಬಿಲ್ಲು ಏರುತ್ತದೆ. ಡೆಲಿವರಿ ಶುಲ್ಕವನ್ನೂ ಸೇರಿಸಿಯೇ ದರ ತೆಗೆಯಿರಿ. ಕಡು ಚಳಿಯ ವಾರಗಳಲ್ಲಿ ಮೂರರ ಬದಲು ಎರಡೇ ಸಿಗುವುದೂ ನೆನಪಿರಲಿ.

ಪ್ರೊಪೇನ್ ಸುಡುವವರಿಗೆ ಕತೆಯೇ ಬೇರೆ. ಒಂದು ಗ್ಯಾಲನ್ ಪ್ರೊಪೇನ್‌ನ ಕೆಲಸವನ್ನು ಹೀಟ್ ಪಂಪ್ ಸುಮಾರು 8.5 ಯೂನಿಟ್‌ನಲ್ಲಿ ಮಾಡುತ್ತದೆ. 18 ಸೆಂಟಿನಂತೆ 1.53 ಡಾಲರ್. ಗ್ಯಾಲನ್ನಿಗೆ 3 ಡಾಲರ್ ಕೊಡುವವರು ಕ್ರೆಡಿಟ್ ಹೋಯಿತೆಂದು ಕೈಚೆಲ್ಲುವ ಅಗತ್ಯವಿಲ್ಲ. ಹಳೇ ಎಸಿ ಹೇಗೂ ಬದಲಿಸಬೇಕಿದ್ದವರಿಗೂ ಇದು ಯೋಚಿಸಬೇಕಾದ ಮಾತು, ಅದೇ ಯಂತ್ರ ಬೇಸಿಗೆಯಲ್ಲಿ ಎಸಿ.

ಒಂದೇ ಕೆಲಸ ಮಾಡಿಸುವಷ್ಟು ದುಡ್ಡಿದೆ. ಯಾವುದನ್ನು ಮಾಡಿಸಲಿ?

ಅಟ್ಟ. ಸೋರುವ ಹಂಡೆಗೆ ಎಷ್ಟು ಕಟ್ಟಿಗೆ ಒಟ್ಟಿದರೇನು? ಬಿಸಿ ಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತದೆ, ಕೆಳಗಿನಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ. ದೀಪದ ರಂಧ್ರಗಳು, ಪ್ಲಂಬಿಂಗ್ ಕೊಳವೆಯ ಸುತ್ತ, ಅಟ್ಟದ ಮುಚ್ಚಳ, ಬೇಸ್‌ಮೆಂಟಿನಲ್ಲಿ ಗೋಡೆಗೂ ಮರಕ್ಕೂ ನಡುವಿನ ಅಂಚು, ಇವೇ ಮುಖ್ಯ ಕಳ್ಳದಾರಿಗಳು. ಮೊದಲು ಸಂದು ಮುಚ್ಚಬೇಕು, ಆಮೇಲೆ ಮೇಲೆ ಇನ್ಸುಲೇಷನ್. ಹಿಂದುಮುಂದಾಗಿ ಮಾಡಿದರೆ ಹತ್ತಿಯಂಥ ಆ ಇನ್ಸುಲೇಷನ್ ಮೂಲಕ ಗಾಳಿ ಹಾಯುತ್ತಲೇ ಇರುತ್ತದೆ.

ನಮ್ಮಲ್ಲಿ ಆಡಿಟರ್ ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಮನೆಯ ಗಾಳಿಯನ್ನು ಹೊರಗೆಳೆದಾಗ, ಎಲ್ಲೆಲ್ಲಿಂದ ತಣ್ಣನೆ ಗಾಳಿ ನುಗ್ಗುತ್ತದೆಂದು ಕೈಗೇ ತಾಗಿತು. ಕಿಟಕಿಗಳದ್ದೇ ತಪ್ಪು ಎಂದುಕೊಂಡಿದ್ದೆವು, ಅವು ನಿರಪರಾಧಿಗಳು. ಬಚ್ಚಲುಮನೆಯ ಚಾವಣಿಯ ಫ್ಯಾನಿನ ಸುತ್ತ ಇದ್ದ ಸಂದು, ಎರಡು ಕಿಟಕಿ ತೆರೆದಿಟ್ಟಷ್ಟು ಗಾಳಿ ಎಳೆಯುತ್ತಿತ್ತು. ಮನೆ ಬಿಗಿಯಾದ ಮೇಲೆ ಹೀಟಿಂಗ್ ಯಂತ್ರ ಚಿಕ್ಕದು ಸಾಕಾಗುತ್ತದೆ, ಅದರ ಬೆಲೆಯೂ ಕಡಿಮೆ. ಹಾಗಾಗಿ ಅಳತೆ ತೆಗೆಯದೆ "ಹಳೆಯದು ಎಷ್ಟಿತ್ತೋ ಅಷ್ಟೇ ಹಾಕೋಣ" ಎನ್ನುವ ಕಂಟ್ರಾಕ್ಟರನಿಗೆ ಕಾಫಿ ಕೊಟ್ಟು ಕಳಿಸಿ. ಮನೆಗೆ ಎಷ್ಟು ಶಾಖ ಬೇಕೆಂದು ಅಳೆಯುವ ಮ್ಯಾನುಯಲ್ ಜೆ ಲೆಕ್ಕ ಮಾಡುವವರನ್ನೇ ಕರೆಯಿರಿ.

ನಾವು ಜರ್ಮನಿಯಲ್ಲಿದ್ದೇವೆ, ತಮ್ಮ ಲಂಡನ್ನಿನಲ್ಲಿ. ಅಲ್ಲಿ?

ಜರ್ಮನಿಯಲ್ಲಿ ಆದಾಯ ತೆರಿಗೆ ಕಾನೂನಿನ 35ಸಿ ಕಲಮು ಇದೆ. ಸ್ವಂತ ವಾಸದ, ಕನಿಷ್ಠ ಹತ್ತು ವರ್ಷ ಹಳೆಯ ಮನೆಗೆ ಖರ್ಚಿನ 20 ಶೇಕಡಾ, ಮೂರು ವರ್ಷಕ್ಕೆ ಹಂಚಿ, ಗರಿಷ್ಠ 40,000 ಯೂರೊ. ಅದೇ ಕೆಲಸಕ್ಕೆ ಸರ್ಕಾರಿ ಅನುದಾನವನ್ನೂ ತೆಗೆದುಕೊಂಡು ಇದನ್ನೂ ಕೇಳುವಂತಿಲ್ಲ, ಎರಡರಲ್ಲೊಂದು. ಬ್ರಿಟನ್ನಿನಲ್ಲಿ ತೆರಿಗೆ ಕ್ರೆಡಿಟ್ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕಿಸಿದರೆ 7,500 ಪೌಂಡ್ ಅನುದಾನ, ಅದನ್ನು ಅಳವಡಿಸುವವರೇ ಬಿಲ್ಲಿನಲ್ಲಿ ಕಳೆಯುತ್ತಾರೆ.

ಮೈಸೂರಿನ ಅಪ್ಪ ಅಮ್ಮನ ಮನೆಗೆ ಸೋಲಾರ್ ವಾಟರ್ ಹೀಟರ್ ನಾನೇ ಹಾಕಿಸಿದೆ. ಅದಕ್ಕೆ ಇಲ್ಲಿ ಕ್ರೆಡಿಟ್ ಕೇಳಬಹುದೇ?

ಇಲ್ಲ, ಮನೆ ಅಮೆರಿಕದಲ್ಲೇ ಇರಬೇಕು. ಊರಿನಲ್ಲಿ ಆದ ಒಳ್ಳೆಯದೆಂದರೆ 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ವಾಟರ್ ಹೀಟರ್ ಮೇಲಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿಯಿತು. ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿವರೆಗಿನ ಸಬ್ಸಿಡಿ ತಾರಸಿಯ ಸೋಲಾರ್ ವಿದ್ಯುತ್ತಿಗೆ, ಬಿಸಿನೀರಿನ ಟ್ಯಾಂಕಿಗಲ್ಲ. ಈ ಎರಡನ್ನು ಬೆರೆಸಿ ಹೇಳುವ ಏಜೆಂಟರು ಅಲ್ಲೂ ಇದ್ದಾರೆ.

ಮುಂದೆ ಮನೆ ಮಾರಿದಾಗ ಕ್ರೆಡಿಟ್ ವಾಪಸ್ ಕೊಡಬೇಕೇ?

ಕೊಡಬೇಕಿಲ್ಲ. ಒಂದು ಸಣ್ಣ ಹೊಂದಾಣಿಕೆ ಮಾತ್ರ. ಮನೆಗೆ ಮಾಡಿದ ಸುಧಾರಣೆಯ ಖರ್ಚು ಮನೆಯ ಮೂಲ ಬೆಲೆಗೆ ಸೇರುತ್ತದೆ, ಅದರಿಂದ ಲಾಭ ಕಡಿಮೆ ತೋರುತ್ತದೆ. ಕ್ರೆಡಿಟ್ ಪಡೆದಷ್ಟನ್ನು ಆ ಖರ್ಚಿನಿಂದ ಕಳೆದು ಸೇರಿಸಬೇಕು. 14,000ದ ಹೀಟ್ ಪಂಪಿಗೆ 2,000 ಪಡೆದಿದ್ದರೆ ಸೇರುವುದು 12,000. ಮಾರುವ ಮುನ್ನದ ಐದು ವರ್ಷಗಳಲ್ಲಿ ಎರಡು ವರ್ಷ ವಾಸವಿದ್ದ ಸ್ವಂತ ಮನೆಯ ಲಾಭದಲ್ಲಿ ದಂಪತಿಗೆ 5 ಲಕ್ಷ ಡಾಲರ್‌ವರೆಗೆ ಹೇಗೂ ತೆರಿಗೆಯಿಲ್ಲ, ಬಹುತೇಕರಿಗೆ ಇದರಿಂದ ವ್ಯತ್ಯಾಸವೇ ಆಗದು. ಆದರೂ ಹೀಟ್ ಪಂಪಿನ ಬಿಲ್ಲನ್ನು ಮನೆ ಕೊಂಡ ದಿನದ ಕ್ಲೋಸಿಂಗ್ ಕಾಗದಗಳಿರುವ ಕಡತದಲ್ಲೇ ಇಡಿ, ಆ ವರ್ಷದ ಟ್ಯಾಕ್ಸ್ ಫೈಲಿನಲ್ಲಲ್ಲ. ಟ್ಯಾಕ್ಸ್ ಫೈಲನ್ನು ಏಳೆಂಟು ವರ್ಷಕ್ಕೆ ಹರಿದು ಹಾಕುತ್ತೇವೆ, ಮನೆ ಅದಕ್ಕಿಂತ ಹೆಚ್ಚು ಕಾಲ ನಮ್ಮ ಬಳಿ ಇರುತ್ತದೆ.